ಮುಂಗೋಪ

ಲಾಲ್‌ಬಾಗ್ ರಸ್ತೆಯ ಶೆಡ್ಡಿನಲ್ಲಿ ಜಬೀವುಲ್ಲಾ
ಉದ್ದನೆ ಸ್ಕ್ರೂಡ್ರೈವರಿನ ಮೊನೆ ಇಂಜಿನ್ನಿಗೂ
ಹಿಡಿ ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿದ.
'ರೇಸು ಮಾಡಿ' ಎಂದ. ಮಾಡಿದೆ.
ಟಿಕ್ ಟಿಕ್ ಟಿಕ್,
ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಕುಲುಕಿದ ಹಾಗೆ.

'ಏನು ಕುಡಿಸ್ತೀರಿ ಇದಕ್ಕೆ?'
'ಸಾದಾದು. ದುಡ್ಡು ಉಳಿಯುತ್ತಲ್ಲ.'
'ಟರ್ಬೋ ಹಾಕ್ಸೋಕೆ ಇತ್ತು!'

ಆಮೇಲೆ ಬೆರಳ ಗ್ರೀಸು ಒರೆಸುತ್ತ:
'ನೂರು ಆಕ್ಟೇನು ಅಂದ್ರೆ ಜಾಸ್ತಿ ಬೆಂಕಿ ಅಂದ್ಕೊಂಡಿದ್ದೀರಿ.
ಉಲ್ಟಾ ಸಾರ್. ಅದು ತಡ್ಕೊಳ್ಳೋ ಪೆಟ್ರೋಲು.
ಎಷ್ಟು ಅದುಮಿದ್ರೂ, ಎಷ್ಟು ಕಾಯಿಸಿದ್ರೂ
ಕಿಡಿ ಬರೋವರೆಗೂ ಸುಮ್ನಿರುತ್ತೆ.
ನಿಮ್ದು ಮುಂಗೋಪಿ. ಕಿಡಿಗೆ ಮುಂಚೆ ತಾನೇ ಹತ್ಕೊಂಡು
ಪಿಸ್ಟನ್ ನೆತ್ತಿ ಮೇಲೆ ಗುದ್ದುತ್ತೆ.'

ಅಟ್ಟದಿಂದ ಹಳೆಯದೊಂದು ಪಿಸ್ಟನ್ ಇಳಿಸಿದ:
ನಡುವೆ, ಹುಳ ಕೊರೆದ ಸೀಬೆಹಣ್ಣಿನಂಥ ತೂತು.
'ಯಾರದು?'
'ನಿಮ್ಮಂಥೋರದೇ.'

ಹೊಸೂರು ರಸ್ತೆಯ ಬಂಕಿನಲ್ಲಿ
ನೂರರ ಪಂಪಿನ ಮುಂದೆ ಸಾಲೇ ಇರಲಿಲ್ಲ.
'ಝೀರೋ ನೋಡಿ ಸಾರ್' ಅಂದಳು ಹುಡುಗಿ.
ನಾನು ನೋಡಿದ್ದು ರೂಪಾಯಿ ಓಡುವುದನ್ನು.

ಸಿಲ್ಕ್ ಬೋರ್ಡು. ಮೊದಲ ಗೇರು. ನಲವತ್ತು ನಿಮಿಷ.
ಇನ್ನೂರು ಕುದುರೆ ಬಾನೆಟ್ಟಿನೊಳಗೆ
ಮೂತಿಗೆ ಹುರುಳಿ ಚೀಲ ಕಟ್ಟಿದಂತೆ ತೆಪ್ಪಗೆ.
ಟಿಕ್ ಎನ್ನಲಿಲ್ಲ.
ಎಡದಿಂದ ಆಟೋ ಒಂದು ನುಗ್ಗಿತು;
ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇಂಜಿನ್ನು ತಡೆದುಕೊಂಡಿತು.
ಹಾರ್ನಿನ ಮೇಲಿದ್ದದ್ದು ನನ್ನ ಕೈ.