ಟ್ರಿಪ್ ಶೀಟಿನ ಬೆನ್ನಿಗೆ

ಟಿಕೆಟ್ ಮಷೀನು ಬಂದ ಮೇಲೆ ಡಿಪೋದಲ್ಲಿ ಬೇಡವಾದ
ಟ್ರಿಪ್ ಶೀಟುಗಳ ಬೆನ್ನಿಗೆ
ನನ್ನದೊಂದು ಲೆಕ್ಕ ಇಟ್ಟಿದ್ದೇನೆ, ಈ ವರ್ಷದ್ದು:
ಹೊರಟ ವೇಳೆ, ಬಂದ ವೇಳೆ, ಗಾಳಿ ಯಾವ ಕಡೆಯದು,
ಎಷ್ಟು ಬಂಗುಡೆ.
ಬಹಳ ಸಲ ಸೊನ್ನೆ.

ಕಾರವಾರ–ಹುಬ್ಬಳ್ಳಿ, ಹತ್ತೊಂಬತ್ತು ವರ್ಷ.
ಅರಬೈಲು ಘಟ್ಟದ ತಿರುವುಗಳು ನನ್ನ ಮೊಣಕೈಗೆ ಬಾಯಿಪಾಠ.
ವಾರಕ್ಕೊಂದು ರಜೆ. ಆ ರಜೆಗೆಂದು
ಮುಚ್ಚಿಹೋದ ರೆಸಾರ್ಟೊಂದರಿಂದ ತಂದೆ
ಹಳದಿ ಪ್ಲಾಸ್ಟಿಕ್ಕಿನ ಕಯಾಕು,
ಹೊಟ್ಟೆಗೆ ಎರಡು ತೇಪೆ, ಒಂದೇ ಹುಟ್ಟು.

ಬಲೆ ಹೊಲಿಯುತ್ತಿದ್ದ ಭಿಕಾ ತಾಂಡೇಲರು ತಲೆ ಎತ್ತಿ
"ಇದು ದೋಣಿಯೋ, ಸಾಬೂನಿನ ಡಬ್ಬಿಯೋ?" ಅಂದರು.
ಕೋಡಿಬಾಗದ ದಂಡೆ ಪೂರ್ತಿ ನಕ್ಕಿತು.
ಆ ವಾರವೇ ಅಳಿವೆಯಲ್ಲಿ,
ಕಾಳಿಯ ಇಳಿತ ಬರುವ ತೆರೆಗೆ ಡಿಕ್ಕಿ ಹೊಡೆಯುವಲ್ಲಿ,
ಮಗುಚಿದೆ. ಗಾಳದ ಡಬ್ಬಿ, ಮೊಬೈಲು, ಎಡಗಾಲಿನ ಚಪ್ಪಲಿ
ಎಲ್ಲ ನೀರುಪಾಲು. ಶೀಟಿನಲ್ಲಿ ಬರೆದೆ:
ಬ್ರೇಕ್‌ಡೌನ್. ಪ್ರಯಾಣಿಕರಿಗೆ ಗಾಯವಿಲ್ಲ.

ತಾಂಡೇಲರು ಕಲಿಸಲಿಲ್ಲ, ಬೈದರು.
ಬೈಗುಳದ ನಡುವೆ ಹೆಕ್ಕಿಕೊಂಡದ್ದು ಇಷ್ಟು:
ಸದಾಶಿವಗಡದ ಹೆಗಲ ಮೇಲೆ
ಆ ಒಂಟಿ ಗಾಳಿಮರ ಬಂದು ಕೂತಾಗ,
ಕೂರ್ಮಗಡದ ಮೂಗು
ದೀಪಸ್ತಂಭವನ್ನು ಅರ್ಧ ನುಂಗಿದಾಗ,
ಅಲ್ಲಿ ಕೆಳಗೆ ಕಲ್ಲು. ಕಲ್ಲಿದ್ದಲ್ಲಿ ಮೀನು.
ನೆಲದ ಗುರುತು ಹಿಡಿಯದವನಿಗೆ
ನೀರಲ್ಲಿ ಯಾವ ಸ್ಟಾಪೂ ಇಲ್ಲ.

ನವೆಂಬರಿನ ಒಂದು ಬೆಳಗು. ಆರು ನಲವತ್ತು, ಬರೆದಿದ್ದೇನೆ.
ಎಣ್ಣೆ ಹೊಯ್ದಂಥ ನೀರು. ಜೀವ ಬಂಗುಡೆ ಕಟ್ಟಿ
ಕಾಲು ಚಾಚಿ ಕೂತಿದ್ದೆ, ಬೀಡಿ ಹಚ್ಚಲೋ ಬೇಡವೋ ಅಂತ.
ರೀಲು ಕಿರುಚಿತು.
ಕಯಾಕಿನ ಮೂತಿ ತನ್ನಷ್ಟಕ್ಕೆ ಪಡುವಣಕ್ಕೆ ತಿರುಗಿತು.
ಸ್ಟೇರಿಂಗಿಲ್ಲ, ಬ್ರೇಕಿಲ್ಲ,
ಸಿಂಗಲ್ ಬೆಲ್ ಹೊಡೆಯಲು ರೋಹಿದಾಸನಿಲ್ಲ;
ಮುಖ ತೋರಿಸದ ಯಾರೋ ನನ್ನನ್ನು
ಎಳೆದುಕೊಂಡು ಹೋಗುತ್ತಿದ್ದರು,
ಎಲ್ಲಿಗೆ ಅಂತ ಬೋರ್ಡೂ ಹಾಕದೆ.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ನನಗೆ ಕಿಟಕಿ ಬದಿಯ ಸೀಟು.
ಬೆಟ್ಟ, ಸೇತುವೆ, ನನ್ನ ಊರು, ಎಲ್ಲ ನಿಧಾನ ಹಿಂದಕ್ಕೆ ಸರಿದವು.
ಹೆದರಿಕೆ ಆಗಬೇಕಿತ್ತು.
ನಗು ಬಂತು, ಒಬ್ಬನೇ, ಗಟ್ಟಿಯಾಗಿ.

ಇಸೋಣ, ಒಂಬತ್ತೂವರೆ ಕಿಲೋ.
ಸುಲಭಾ ನಂಬದೆ ರದ್ದಿ ಅಂಗಡಿಯ ತಕ್ಕಡಿಗೆ ಏರಿಸಿದಳು.
ನಾಲ್ಕು ಮನೆಗೆ ತುಂಡು, ತಲೆ ತಾಂಡೇಲರಿಗೆ.
ಅವರು ಕಿವಿರು ಎತ್ತಿ, ಮೂಸಿ, ಕಣ್ಣು ಒತ್ತಿ ನೋಡಿ
"ಪೇಟೆಯದಲ್ಲ" ಅಂದರು.
ಅಷ್ಟು ದೊಡ್ಡ ಮಾತು ನನಗೆ ಡಿಪೋದಲ್ಲಿ ಯಾರೂ ಆಡಿದ್ದಿಲ್ಲ.

ಉಳಿದದ್ದು ಚಿಲ್ಲರೆ.
ಹುಟ್ಟಿನ ಮೊನೆಗೆ ತಾಗಿ, ಬೇಸರದಿಂದ ಮುಳುಗಿದ ಆಮೆ.
ಜೋರು ಮಳೆಯ ತಿಂಗಳು ಸಮುದ್ರ ಬಾಗಿಲು ಹಾಕಿದಾಗ
ಕಾಳಿಯ ಒಳಗೆ, ಕಾಂಡ್ಲದ ಬೇರುಗಳ ನಡುವೆ,
ಕೊಡೆ ಹಿಡಿದು ಕಾದು ಹಿಡಿದ ಒಂದು ಚೊಣಕ;
ಅದಕ್ಕೆ ಸುಲಭಾ ಹಾಕಿದ ಜುಮ್ಮನಕಾಯಿ
ನಾಲಿಗೆಯ ಮೇಲೆ ಇನ್ನೂ ಜುಮ್ಮೆನ್ನುತ್ತದೆ.

ಮಾರ್ಚಿನ ಒಂದು ಶೀಟು ಖಾಲಿ.
ಮಧ್ಯಾಹ್ನದ ವಾಯವ್ಯ ಗಾಳಿ ಎದ್ದ ದಿನ ಅದು.
ಎರಡು ತಾಸು ಹುಟ್ಟು ಹಾಕಿದರೂ
ಒಂಟಿ ಗಾಳಿಮರ ಇದ್ದಲ್ಲೇ ಇತ್ತು.
ಕೈ ಸತ್ತವು. ಆಮೇಲೆ ಎಂಜಿನ್ನಿನ ಸದ್ದು, ಒಂದು ಹಗ್ಗ,
ಹಗ್ಗದ ಆ ತುದಿಯಲ್ಲಿ ತಾಂಡೇಲರ ಬೆನ್ನು.
ದಡದವರೆಗೂ ಅವರು ಬೈಯಲಿಲ್ಲ.
ಏನು ಬರೆಯಬೇಕೆಂದು ತಿಳಿಯಲಿಲ್ಲ.

ನಿನ್ನೆ ನೂಲ ಹುಣ್ಣಿಮೆ. ಎಲ್ಲರೂ ಕಾಯಿ ಬಿಟ್ಟರು.
ಸಾಲಿನ ಕೊನೆಗೆ ನಾನೂ ನಿಂತಿದ್ದೆ ಕಾಯಿ ಹಿಡಿದು, ನಾಚುತ್ತ.
"ಸಾಬೂನಿನ ಡಬ್ಬಿಯವನಿಗೆ ಜಾಗ ಬಿಡಿ" ಎಂದು
ತಾಂಡೇಲರೇ ಕೂಗಿದರು.

ಇವತ್ತು ಹುಬ್ಬಳ್ಳಿಯಿಂದ ವಾಪಸು. ಬಸ್ಸೆಲ್ಲ ನಿದ್ದೆ.
ಅಂಕೋಲೆ ದಾಟುವಾಗ ಕಿಟಕಿಯಿಂದ ಉಪ್ಪು ಗಾಳಿ ಬಂತು;
ಯಾವ ಕಡೆಯದು ಅಂತ ತಿಳಿಯಲು
ಒಂದು ಕ್ಷಣ ಕೈ ಹೊರಗಿಟ್ಟೆ.
ಹಿಂದಿನ ಲಾರಿಯವನು ಸಿಗ್ನಲ್ ಅಂದುಕೊಂಡು
ಓವರ್‌ಟೇಕ್ ಮಾಡಿ ಹೋದ.

ಶೀಟು ಮುಗಿದಿವೆ.
ಡಿಪೋದ ಗುಮಾಸ್ತೆಯ ಹತ್ತಿರ
ಇನ್ನೊಂದು ಕಟ್ಟು ಕೇಳಬೇಕು.