ಮೂರನೇ ಕಿಟಕಿ

ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ನನ್ನದು ಮೂರನೇ ಕಿಟಕಿ.
ಗಾಜಿನ ಕೆಳಗೆ ಅಂಗೈ ಹಿಡಿಸುವಷ್ಟು ತೂತು.
ಅಲ್ಲಿ ಮುಖ ಬರುವುದಿಲ್ಲ, ಕೈ ಬರುತ್ತದೆ:
ಉಗುರಲ್ಲಿ ಬೆಲ್ಲದ ಜಿಗುಟಿರುವ ಆಲೆಮನೆಯ ಕೈ,
ಗಾರೆ ಕೈ, ಬಸುರಿಯ ಬಳೆ ಕೈ,
ಕೈಯೊಳಗೊಂದು ಕಾರ್ಡು.

ಕಾರ್ಡು ನೋಡಿ ಚೀಟಿ, ಚೀಟಿ ನೋಡಿ ಮಾತ್ರೆ.
ನಿಯಮ ನಾನು ಮಾಡಿದ್ದಲ್ಲ,
ಆದರೂ "ನಿಮಗೆ ಬರಲ್ಲ" ಅನ್ನುವುದು ನನ್ನ ಬಾಯೇ.
ಹನ್ನೊಂದರ ಹೊತ್ತಿಗೆ ಗಂಟಲು ಒಣಗುತ್ತದೆ.
ಬಾಟಲಿ ಎತ್ತಿ ಒಂದು ಗುಟುಕು,
ಆಮೇಲೆ, "ಮುಂದಿನವರು."

ಎರಡನೇ ಮಂಗಳವಾರ ಜವನಮ್ಮ.
ಹೊಳಲಿನಿಂದ ಮೊದಲ ಬಸ್ಸಿಗೆ ಬರುತ್ತಾಳೆ.
ಸಕ್ಕರೆ ಕಾಯಿಲೆ. ಕಾರ್ಡು ಸರಿಯಿದೆ.
ಮೂವತ್ತು ದಿನಕ್ಕೆ ಅರವತ್ತು, ಎಣಿಸಿ ಕೊಡುತ್ತೇನೆ,
ವರ್ಷವಾಯಿತು. ರಕ್ತ ಮಾತ್ರ ಮಾತು ಕೇಳುತ್ತಿಲ್ಲ.
ಮುನ್ನೂರು. ಮುನ್ನೂರ ಹನ್ನೆರಡು.
ಡಾಕ್ಟರು ಈ ಸಲ ಕೆಂಪಿನಲ್ಲಿ ಗೀಚಿದ್ದಾರೆ:
ನುಂಗುತ್ತಿಲ್ಲ. ವಿಚಾರಿಸಿ.

ವಿಚಾರಿಸಿದೆ. ಹಿಂದೆ ಸಾಲು ಗೊಣಗಿತು.
ಬೈದೆ ಕೂಡ, ಸ್ವಲ್ಪ ಜೋರಾಗಿಯೇ,
ಸರ್ಕಾರದ ಮಾತ್ರೆ ಅಂದರೆ ಅಷ್ಟು ಸದರವಾ ಅಂತ.
ಅವಳು ಬಗ್ಗಿ, ತೂತಿಗೆ ಬಾಯಿಟ್ಟು,
ಮೊದಲ ಸಲ ಮುಖ ತೋರಿಸಿದಳು.

"ಬೆಳಿಗ್ಗೇದು ನಾನು ನುಂಗ್ತೀನಿ ಕನವ್ವ,
ರಾತ್ರೇದು ನಮ್ಮ ಓರಗಿತ್ತಿ ಚಿಕ್ಕತಾಯಿ.
ಅವಳ ಮಗ ಸೊಪ್ಪು ಸಾಗ್ಸಕೆ ಸಾಲ ಮಾಡಿ ಗಾಡಿ ತಂದ.
ನಾಕ್ ಚಕ್ರ ಅದೆ ಅಂತ ಕಾರ್ಡು ಕಿತ್ಕಂಡ್ರು.
ಚಕ್ರ ಇನ್ನೂ ಬ್ಯಾಂಕಿಂದು, ಕಾಯ್ಲೆ ಒಂದೇ ಅವಳ್ದು.
ನಮ್ಗೂ ಅವಳ್ಗೂ ನಡುವೆ ಮಣ್ಣಿನ ಗ್ವಾಡೆ.
ರಾತ್ರಿ ಎದ್ದೆದ್ದು ಅವಳು ನೀರು ಕುಡಿಯಾದು,
ಚೊಂಬು ಕೆಳಗಿಡಾದು, ಎಲ್ಲ ಕೇಳ್ತದೆ.
ನನ್ನ ಗಂಟಲಲ್ಲಿ ಹೆಂಗವ್ವ ಇಳೀತದೆ?"

ನನ್ನ ಬಾಟಲಿ ಮೇಜಿನ ಮೇಲಿತ್ತು. ಮುಟ್ಟಲಿಲ್ಲ.
ಸುತ್ತೋಲೆಯಲ್ಲಿ ಕುಟುಂಬ ಅಂದರೆ ಯಾರು ಯಾರು ಅಂತಿದೆ,
ಓರಗಿತ್ತಿ ಇಲ್ಲ, ಗೋಡೆಯೂ ಇಲ್ಲ.
ಒಂದು ಮಾತ್ರೆ ಹೆಚ್ಚು ಕೊಡುವಂತಿಲ್ಲ,
ಐದು ಗಂಟೆಗೆ ಲೆಕ್ಕ ಕೂಡಬೇಕು.
ಹೆಚ್ಚು ಕೊಡಲೂ ಇಲ್ಲ.

ಅರವತ್ತು ಎಣಿಸಿದೆ.
ಓದಲು ಬಾರದವರಿಗೆ ನಾವು ಕವರಿನ ಮೇಲೆ
ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯುತ್ತೇವೆ,
ಕೆಳಗೆ ರೋಗಿಯ ಹೆಸರು.
ಸೂರ್ಯನ ಕೆಳಗೆ ಬರೆದೆ: ಜವನಮ್ಮ.
ಚಂದ್ರನ ಕೆಳಗೆ ಪೆನ್ನು ನಿಂತಿತು,
ಖಾಲಿ ಬಿಟ್ಟೆ.

ಎರಡೂ ಕವರು ತೂತಿನಿಂದ ಹೊರಗೆ ಸರಿಸಿದೆ.
ಕೈ ಬಂತು, ತಗೊಂಡು ಹೋಯಿತು.
ಡಾಕ್ಟರ ಕೆಂಪು ಅಕ್ಷರಕ್ಕೆ ಉತ್ತರ ಬರೆಯುವುದು ಇನ್ನೂ ಬಾಕಿ.
"ಮುಂದಿನವರು," ಅಂದೆ.