ಪ್ರಶ್ನೆ, ಚುಕ್ಕೆ, ಪ್ರಶ್ನೆ

ಬೆಳಗಿನ ಐದೂವರೆಗೆ ಬೀಳುತ್ತಿತ್ತು ಅದು, ದಿನಾ,
ಬೀದರ್ ಇನ್ನೂ ಹೊದಿಕೆಯೊಳಗಿರುವಾಗ.
ಏಳು ಫೋನು. ಏಳೂ ಔರಾದ್ ಕಡೆಯವು.
ಕ್ಯಾನುಗಳು ಸಾಲು ನಿಂತು
ಯಂತ್ರ ಹಾಲಿನ ಫ್ಯಾಟ್ ಅಳೆದು ಕೊಟ್ಟ ಮರುಗಳಿಗೆ
ಆಪ್ ಕಣ್ಣು ಮುಚ್ಚುತ್ತಿತ್ತು,
ಮಾತಿಲ್ಲ, ಕತೆಯಿಲ್ಲ,
ಪರದೆಯ ಮೇಲೆ ಉಳಿದದ್ದು ಯಾರದೋ ಮೊಮ್ಮಗನ ಫೋಟೋ.

ನೌಬಾದಿನ ಬ್ಯಾಟರಿ ಅಂಗಡಿಯ ಮಾಳಿಗೆಯಲ್ಲಿ
ನನ್ನ ಮುಂದೆ ಲಾಗು.
ಮೇಲಿನಿಂದ ಕೆಳಕ್ಕೆ ಓದಿದೆ, ಕೆಳಗಿನಿಂದ ಮೇಲಕ್ಕೆ:
ಯಾರು ಯಾರನ್ನು ಕರೆದರು, ಅವರು ಮತ್ಯಾರನ್ನು,
ಕೊನೆಗೆ ಯಾರ ಕೈಯಲ್ಲಿ ಉಸಿರು ನಿಂತಿತು.
ಇನ್ನೂರ ಹದಿನಾಲ್ಕನೇ ಸಾಲು.
ಇದು ಸಂಖ್ಯೆಯಲ್ಲ, ಎಂದು ಬರೆದು ಪಕ್ಕದಲ್ಲಿ
?.?
ಅಷ್ಟೇ.

ಯಂತ್ರ ಕಸ ಕಳಿಸುತ್ತಿದೆ ಅಂದೆ.
ಯಂತ್ರ ಬದಲಿಸಿದರು. ಬಿತ್ತು.
ನೆಟ್‌ವರ್ಕ್ ಅಂದೆ.
ಒಬ್ಬ ಪುಣ್ಯಾತ್ಮ ನೀರಿನ ಟಾಕಿ ಹತ್ತಿ ನಿಂತು ಒತ್ತಿದನಂತೆ,
ಅಲ್ಲೂ ಬಿತ್ತು, ಪುಣ್ಯಕ್ಕೆ ಆಪ್ ಮಾತ್ರ.
ನನ್ನ ಫೋನಿನಲ್ಲಿ ನೂರು ಸಲ ಅಳೆದೆ
ಇಲ್ಲದ ಎಮ್ಮೆಯ ಇಲ್ಲದ ಹಾಲು;
ನೂರು ಸಲವೂ ಗಟ್ಟಿಯಾಗಿ ನಿಂತಿತು.
ಆಮೇಲೆ ಒಂದು ಶುಕ್ರವಾರ ಸಂಜೆ
ಹಸಿವಾಗಿತ್ತು, ಬರೆದುಬಿಟ್ಟೆ:
ನಿಮ್ಮ ಫೋನು ಹಳೆಯದು, ಬದಲಿಸಿ ನೋಡಿ.

ಇಪ್ಪತ್ತು ದಿನಕ್ಕೆ ಮತ್ತೆ ಅದೇ ಏಳು.

ನಸುಕಿನ ಬಸ್ಸಿಗೆ ಹೋದೆ.
ಗಡಿ ಊರು, ಅಂಗಡಿಯ ಹಲಗೆ ಎರಡು ಲಿಪಿಯಲ್ಲಿ,
ಬೈಗುಳ ಮೂರು ಭಾಷೆಯಲ್ಲಿ.
ಹಾಲಿನ ಕೇಂದ್ರದ ಸುಂದರಾಬಾಯಿ ಮೇತ್ರೆ
ಕೈ ಒರೆಸಿಕೊಂಡು ಫೋನ್ ಕೊಟ್ಟಳು.
"ನೋಡ್ರಿ ಬಾಯಿ, ಈಗ ಫ್ಯಾಟ್ ಬರ್ತದ,
ಬಂದದ್ದೇ ತಡ, ಹೋಗ್ತದ."
ಬಂತು. ನಾನು ನೋಡಿದೆ.
ಹೋಗುವ ಮುಂಚಿನ ಅರೆಕ್ಷಣ, ಚೌಕದೊಳಗೆ, ದುಂಡಗೆ:
६.४

"ಇದು ಮರಾಠಿ ಅಂಕಿ."
"ಹೌದಲ್ರಿ. ಫೋನ್ ಪೂರಾ ಮರಾಠೀನಾಗ ಇಟ್ಟೀವಿ.
ಸೊಸಿ ಲಾತೂರಾಕಿ, ಆಕಿಗಿ ಅದೇ ಓದ್ಲಿಕ್ಕಿ ಬರ್ತದ."

ನಾನು ಅಲ್ಲೇ ಕ್ಯಾನಿನ ಮೇಲೆ ಕೂತೆ.
ನನ್ನ ಆಪು, ನನ್ನ ಇನ್ನೂರ ಹದಿನಾಲ್ಕನೇ ಸಾಲು,
ಯಂತ್ರ ಕೊಟ್ಟ ಆರು ಪಾಯಿಂಟ್ ನಾಲ್ಕನ್ನು
ಮನೆಯವರ ಭಾಷೆಯಲ್ಲಿ ಮರ್ಯಾದೆಯಿಂದ ಬರೆದು,
ತಾನೇ ಬರೆದದ್ದನ್ನು ತಾನೇ ಓದಲಾಗದೆ
ದಿನಾ ಬೆಳಿಗ್ಗೆ ಎದೆ ಒಡೆದುಕೊಳ್ಳುತ್ತಿತ್ತು.
ನನ್ನ ಸರ್ವರು ಇನ್ನೂ ಅನಕ್ಷರಸ್ಥ:
ಗೊತ್ತಿಲ್ಲದ ಅಕ್ಷರ ಕಂಡಲ್ಲೆಲ್ಲ
ಒಂದು ಪ್ರಶ್ನೆ ಚಿಹ್ನೆ ಇಟ್ಟು ಕಳಿಸಿತ್ತು.
ಮೂರು ವಾರ ಆ ಪ್ರಶ್ನೆ ನೋಡಿದೆ.
ಕೇಳಲಿಲ್ಲ.

ತಿದ್ದಲು ಒಂದು ಪದ ಸಾಕಾಯಿತು.
ಲ್ಯಾಪ್‌ಟಾಪ್ ಮಡಿಲಲ್ಲಿ, ನೊಣ ಓಡಿಸುತ್ತ, ಹತ್ತು ನಿಮಿಷ.
ಹೊಸದಾಗಿ ಹಾಕಿ ಅಳೆದೆವು: ನಿಂತಿತು.
ರಸೀದಿ ಬಂತು, ಉದ್ದ ನಾಲಿಗೆಯಂತೆ.
"ಹಳೇ ಫೋನ್ ಇದ್ದರೆ ಅದರಲ್ಲೂ ನೋಡೋಣ" ಅಂದೆ,
ಅಂದ ಮೇಲೆ ಅಂದದ್ದು ತಿಳಿಯಿತು.

ಮೊಮ್ಮಗ ಬಂದ, ಕೈಯಲ್ಲಿ ಅದು,
ಕಾರ್ಟೂನಿನ ಕೋಳಿ ಕೂಗುತ್ತಿತ್ತು; ಕೊಡಲೊಲ್ಲ.
ಬೆಲ್ಲದ ತುಂಡು ಕೊಟ್ಟು ಬಿಡಿಸಿಕೊಂಡೆವು.
ಹಾಕಿದೆ. ಅಳೆದೆ.
ಅದೂ ನಿಂತಿತು.

ಸುಂದರಾಬಾಯಿ ನೋಡಿದಳು, ಸಿಟ್ಟಿಲ್ಲದೆ,
ಫ್ಯಾಟ್ ಓದುವ ದನಿಯಲ್ಲೇ ಅಂದಳು:
"ಹಂಗಾದ್ರ ಹಳೇದೂ ಛಲೋನೇ ಇತ್ತು."
ಮುಂದಿನವನ ಕ್ಯಾನ್ ಎಳೆದುಕೊಂಡಳು.

ಬಸ್ಸಿನಲ್ಲಿ ವರದಿ ತುಂಬಿದೆ.
ಕಾರಣ, ಪರಿಹಾರ, ತಿದ್ದಿದ ದಿನಾಂಕ.
ಯಾರಿಗೆ ಎಷ್ಟು ನಷ್ಟ ಎಂಬ ಕಾಲಂ
ನಮ್ಮ ಫಾರ್ಮಿನಲ್ಲಿಲ್ಲ.
ಹನ್ನೊಂದು ಕಂತು ಬಾಕಿ ಇದೆಯಂತೆ.
ಹೊಸ ಫೋನಿನ ಗಾಜಿನ ಮೇಲಿನ ಪೊರೆಯನ್ನೂ
ಅವಳಿನ್ನೂ ಕಿತ್ತಿರಲಿಲ್ಲ.